ಬಾಲ್ಕನಿಗೆ ಹೇಳಿದ ಧನ್ಯವಾದ

ಪ್ರಚಾರದ ಕೊನೆಯ ದಿನ ಬೆಳಿಗ್ಗೆ, ಸ್ಟೇಷನ್ ಮುಂದಿನ ಭಾಷಣದಲ್ಲಿ ಮೇಯರ್ ಅಭ್ಯರ್ಥಿ ಒರಿಕಾಸಾ ಆ ಮಾತು ಹೇಳಲಿಲ್ಲ. ರಸ್ತೆ, ಶಿಶುವಿಹಾರ, ಮುದುಕರ ಬಸ್ಸು ಎಲ್ಲ ಬಂತು. ತಾನು ಮೇಯರ್ ಆದರೆ, ಒಟ್ಟಿಗೆ ಬಾಳುವ ಇಬ್ಬರು ಹೆಂಗಸರಿಗೋ ಇಬ್ಬರು ಗಂಡಸರಿಗೋ ಜೋಡಿಯೆಂದು ನಗರಸಭೆ ಪತ್ರ ಕೊಡುತ್ತದೆ ಎಂಬುದು ಮಾತ್ರ ಬರಲಿಲ್ಲ.

ಮಿನೋರಿ ಅವನ ಪ್ರಚಾರದ ವ್ಯಾನಿನಲ್ಲಿ ಮೈಕ್ ಹಿಡಿಯುವವಳು. ಆ ಭರವಸೆ ನಂಬಿಯೇ ಸೇರಿದ್ದಳು. ಅವಳು ಸಂಗಾತಿ ಶಿಜುನೊ ಜೊತೆ ಇರುವ ಹಳೆಯ ಕಟ್ಟಡವನ್ನು ಬರುವ ಬೇಸಿಗೆಯಲ್ಲಿ ಕೆಡವುತ್ತಾರೆ. ಇಬ್ಬರು ಹೆಂಗಸರು ಎಂದರೆ ಖಾಸಗಿ ಮಾಲೀಕರು ಏನು ಸಂಬಂಧ ಎಂದು ಕೇಳಿ ಫೋನ್ ಇಡುತ್ತಿದ್ದರು. ನಗರಸಭೆಯ ಮನೆ ಕುಟುಂಬಗಳಿಗೆ ಮಾತ್ರ; ಪತ್ರವಿಲ್ಲದೆ ಇವರು ಕುಟುಂಬವಲ್ಲ. ಸೆಂಡಾಯ್‌ನ ಅಕ್ಕನ ಮನೆಗೆ ಹೋಗುತ್ತೇನೆಂದ ಶಿಜುನೊಳನ್ನು ಮಿನೋರಿಯೇ ತಡೆದಿದ್ದಳು, ಚುನಾವಣೆ ಮುಗಿಯಲಿ ಎಂದು.

"ಯಾಕ್ ಸರ್ ಬಿಟ್ರಿ?" ಮಧ್ಯಾಹ್ನ ವ್ಯಾನ್ ಮತ್ತೆ ಹೊರಟ ಮೇಲೆ ಮಿನೋರಿ ಕೇಳಿದಳು.

ಒರಿಕಾಸಾ ಬಿಳಿ ಕೈಗವಸು ಎಳೆದುಕೊಂಡ. ಉತ್ತರ ಕೊಟ್ಟವನು ಪ್ರಚಾರದ ಉಸ್ತುವಾರಿ ಸೆಗಾವಾ. "ಅಂಗಡಿಬೀದಿ ಹಿರಿಯರು ಮುನಿಸ್ಕೋತಾರಮ್ಮ. ಮೊದ್ಲು ಗೆಲ್ಲೋಣ."

"ಹೋದ ಸಲಾನೂ ಹಿಂಗೇ ಅಂದಿದ್ರಿ."

"ಹೋದ ಸಲ ಸೋತ್ವಲ್ಲ! ಸೋತವ್ರನ್ನ ಏನ್ ಕೇಳ್ತೀಯ? ಮೈಕ್ ತಗೋ, ಮೇಲೆ ಯಾರೋ ಕೈ ಬೀಸ್ತಿದಾರೆ."

ಕೈ ಬೀಸಿದವರನ್ನು ಬಿಡುವಂತಿಲ್ಲ. ಕಂಡದ್ದು ಹೇಳಿ ತಕ್ಷಣ ವಂದಿಸಬೇಕು. ನಾಯಿ ಹಿಡಿದ ಯಜಮಾನರೇ, ಸೈಕಲ್ ಮೇಲಿನ ಅಮ್ಮನವರೇ. ಮನೆಯಿಂದ ಹೆಂಗಸು ಬೀಸಿದರೆ 'ಶ್ರೀಮತಿಯವರೇ'. ಒಳಗೊಬ್ಬ ಗಂಡ ಇದ್ದೇ ಇರುತ್ತಾನೆಂದು ಲೆಕ್ಕ.

"ಮೂರನೇ ಮಹಡಿಯ ಶ್ರೀಮತಿಯವರೇ, ನಿಮ್ಮ ಬೆಂಬಲಕ್ಕೆ ಧನ್ಯವಾದ!"

ಅಂದ ಮೇಲೆ ನೋಡಿದಳು. ಅದು ಅವಳದೇ ಬಾಲ್ಕನಿ. ಶಿಜುನೊ ಒದ್ದೆ ಟವೆಲ್ ಬೀಸುತ್ತಿದ್ದವಳು ನಿಲ್ಲಿಸಿದಳು. ಒರಿಕಾಸಾ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಅವಳಿಗೆ ಕೈ ಬೀಸಿದ. "ಗ್ಯಾರಂಟಿ ವೋಟು," ಎಂದ. ವ್ಯಾನ್ ನಿಧಾನವಾಗಿ ಹೋಗುತ್ತಿತ್ತು, ತಿದ್ದಲು ಸಮಯವಿತ್ತು. ಮಿನೋರಿ ಮೈಕಿನಲ್ಲಿ ಮತ್ತೆ ಒರಿಕಾಸಾನ ಹೆಸರು ಕೂಗಿದಳು.

ಸಂಜೆ ಶಿಜುನೊ ಮಿಸೊ ಸಾರು ಬಡಿಸಿದಳು. "ಶ್ರೀಮತಿಯಂತೆ. ನನ್ ಗಂಡ ಯಾರೇ?"

"ಬಾಯಿಗೆ ಬಂದ್ಬಿಡ್ತು ಕಣೆ."

"ಅದು ಬಿಡು. ಬೆಳಿಗ್ಗೆ ಸ್ಟೇಷನ್ ಹತ್ರ ನಾನೂ ಇದ್ದೆ. ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ ನಿಂತೇ ಇದ್ದೆ. ಆದ್ರೂ ಮನೆಗ್ ಬಂದು ಕೈ ಬೀಸ್ದೆ. ನಿನಗೆ."

ಮಿನೋರಿ ಬಟ್ಟಲು ಎತ್ತಲಿಲ್ಲ. "ಗೆದ್ದ ಮೇಲೆ ಮಾಡ್ಬಹುದು."

"ಗೆದ್ದ ಮೇಲೆ ಭಯ ಇನ್ನೂ ಜಾಸ್ತಿ. ನಾಳೆ ವೋಟಿನ ಚೀಟೀಲಿ ಯಾರ ಹೆಸರು ಬರೀತೀಯ?"

"ಅವನದೇ. ಇನ್ನೊಬ್ಬ ನಮ್ಮನ್ನ ರೋಗ ಅಂತಾನೆ."

"ಹ್ಞೂಂ. ನಂದೂ ಅವನಿಗೇ," ಎಂದಳು ಶಿಜುನೊ. "ನಮ್ಮಂಥ ಅಗ್ಗದ ವೋಟು ಅವನಿಗೆ ಎಲ್ಲಿ ಸಿಗುತ್ತೆ?"

ಒರಿಕಾಸಾ ಗೆದ್ದ. ಪತ್ರದ ವಿಷಯ ಪರಿಶೀಲಿಸಲು ಸಮಿತಿ ಮಾಡಿದ.

ಬೇಸಿಗೆಯಲ್ಲಿ ಮಿನೋರಿಗೆ ಒಬ್ಬಂಟಿ ಹೆಂಗಸೆಂದು ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಶಿಜುನೊಳನ್ನು ಸೆಂಡಾಯ್ ರೈಲಿಗೆ ಹತ್ತಿಸಲು ಹೋದಳು.

"ಸಮಿತಿ ಎರಡನೇ ಸಲ ಸೇರ್ತಂತೆ," ಎಂದಳು.

"ಹೌದಾ," ಎಂದು ಶಿಜುನೊ ಚೀಲದಲ್ಲಿ ಟಿಕೆಟ್ ಹುಡುಕತೊಡಗಿದಳು.