ವಿಸಿಲ್ ಊದುವ ಮುಂಚೆ

ಮಲಕವ್ವನ ಬಲಗೈ ಈಗ ಭುಜದಿಂದ ಮೇಲೆ ಏಳುವುದಿಲ್ಲ. ವೈಟ್‌ಫೀಲ್ಡಿನ ನಮ್ಮ ಬೀದಿಗಳ ಕಸದ ಬಕೆಟ್ಟುಗಳನ್ನು ಏಳು ವರ್ಷ ಟಿಪ್ಪರಿಗೆ ಎತ್ತಿ ಸುರಿದ ಕೈ ಅದು. ಕಂಟ್ರಾಕ್ಟರ್ ಹೇಳಿಬಿಟ್ಟಿದ್ದ: ತಿಂಗಳ ಕೊನೆಯೊಳಗೆ ಲೈಸೆನ್ಸ್ ತಂದರೆ ಡ್ರೈವರ್ ಸೀಟು. ಇಲ್ಲವಾದರೆ, ಎತ್ತಲಾಗದವಳು ಕೆಲಸಕ್ಕೇ ಬರುವುದು ಬೇಡ.

ಓಡಿಸಲು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಕಲಿಯುವವರಿಗೆ ಕೊಡುವ ಎಲ್‌ಎಲ್ ಮಾಡಿಸಿ, ಡ್ರೈವರ್ ಬಸಲಿಂಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿತಿದ್ದಳು. ನಮ್ಮ ಮನೆಯ ಸಂದಿಯಿಂದ ಒಂದೇ ಸಲಕ್ಕೆ ಗಾಡಿಯನ್ನು ಹಿಂದಕ್ಕೆ ತೆಗೆಯುವುದನ್ನು ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಕಸ ತುಂಬುವವರು ಗಾಡಿಯ ತಗಡಿಗೆ ಎರಡು ಸಲ ಬಡಿದರೆ ಹೊರಡು ಎಂದರ್ಥ. ತಕ್ಷಣ ಹೊರಡಬೇಕು. ತಡವಾದರೆ ಹಿಂದೆ ನಿಂತ ಕಂಪನಿ ಕ್ಯಾಬುಗಳ ಹಾರ್ನು, ಬೈಗುಳ.

ಅವಳಿಗೂ, ಆಗಷ್ಟೇ ಕಾರು ಕಲಿಯುತ್ತಿದ್ದ ನನಗೂ ಆರ್‌ಟಿಓದಲ್ಲಿ ಒಂದೇ ದಿನ ಟೆಸ್ಟು ಬಂತು.

ಮೊದಲು ನನ್ನ ಸರದಿ. ಡ್ರೈವಿಂಗ್ ಸ್ಕೂಲಿನ ಕಾರು, ಪಕ್ಕದಲ್ಲಿ ಸ್ಕೂಲಿನ ಮಾಸ್ಟರು.

"ಮೇಡಂ, ನೀವ್ ಸುಮ್ನೆ ಸ್ಟೀರಿಂಗ್ ಹಿಡ್ಕೊಂಡಿರಿ, ಸಾಕು."

ಬ್ರೇಕು, ಕ್ಲಚ್ಚು ಅವರ ಕಾಲ ಕೆಳಗೂ ಇದ್ದವು. ಆದರೂ ಎಂಟರಾಕಾರದ ದಾರಿಯಲ್ಲಿ ಒಂದು ಕಂಬ ಬೀಳಿಸಿದೆ. ಇನ್‌ಸ್ಪೆಕ್ಟರ್ ಫೋನಿನಿಂದ ತಲೆ ಎತ್ತಲಿಲ್ಲ. ಪಾಸು.

ಆಮೇಲೆ ಮಲಕವ್ವ. ಬಸಲಿಂಗ ಟಿಪ್ಪರನ್ನು ತೊಳೆದು ತಂದಿದ್ದ. ಎಂಟು ಸುತ್ತಿದಳು, ಒಂದು ಕಂಬವೂ ಅಲುಗಲಿಲ್ಲ. ರಿವರ್ಸ್ ತೆಗೆದಳು. ದಿಬ್ಬದ ಮೇಲೆ ನಿಲ್ಲಿಸಿದಳು. ಗಾಡಿ ಬೆರಳಷ್ಟೂ ಜಾರಲಿಲ್ಲ. ಇನ್‌ಸ್ಪೆಕ್ಟರ್ ಊದುವ ವಿಸಿಲ್ ಕೇಳಿ ಮುಂದೆ ಬಂದರೆ ಮುಗಿಯಿತು.

ಇನ್‌ಸ್ಪೆಕ್ಟರ್ ಗಾಡಿಯ ಪಕ್ಕ ನಿಂತು ನಮ್ಮ ಮಾಸ್ಟರ ಜೊತೆ ಏನೋ ಮಾತಾಡಿ ನಗುತ್ತಿದ್ದರು. ನಗುತ್ತಲೇ, ಕೈಯಲ್ಲಿದ್ದ ಫೈಲಿನಿಂದ ತಗಡಿಗೆ ಎರಡು ಸಲ ಬಡಿದರು.

ಗಾಡಿ ಹೊರಟಿತು.

"ಏಯ್, ನಿಲ್ಸು. ವಿಸಿಲ್ ಹಾಕಿದ್ನಾ ನಾನು?"

"ನೀವ ಎರಡ ಸಲ ಬಡದ್ರಲ್ರೀ ಸಾಹೇಬ್ರ."

"ಬಡಿದ್ರೆ ಹೊರಟ್ಬಿಡೋದಾ? ಇದೇನ್ ಕಸ ಎತ್ತೋ ಬೀದಿನಾ? ಫೇಲು. ಸ್ಕೂಲ್ ಕಡೆಯಿಂದ ಬಾ ಅಂದ್ರೆ ಕೇಳಲ್ಲ ಇವ್ರು."

ಸುತ್ತ ನಿಂತವರು ನಕ್ಕರು.

"ಇನ್ನೊಮ್ಮೆ ನೋಡ್ರಿ. ಈ ತಿಂಗಳ ದಾಟಿದ್ರ ನನ್ನ ಕೆಲಸ ಹೋಗ್ತೈತಿ."

"ಹೊಸ ಸ್ಲಾಟ್ ತಗೊಂಡ್ ಬಾರಮ್ಮ. ಈಗ ಗಾಡಿ ತೆಗಿ."

ಮಲಕವ್ವ ಎಂಜಿನ್ ಆರಿಸಿದಳು. ಕೀ ತೆಗೆದು ಮಡಿಲಲ್ಲಿಟ್ಟುಕೊಂಡಳು. ಹಿಂದೆ ಸ್ಕೂಲುಗಳ ಕಾರುಗಳು ಸಾಲಾಗಿ ನಿಂತವು. ಬಸಲಿಂಗ ಎರಡು ಹೆಜ್ಜೆ ಮುಂದೆ ಬಂದ. ಅವಳು ಬೇಡವೆಂದು ತಲೆಯಾಡಿಸಿದಳು, ಅವನು ಕೈಕಟ್ಟಿ ಅಲ್ಲೇ ನಿಂತ.

"ತೆಗಿಯಮ್ಮ ಅಂದ್ರೆ."

"ಹೆಂಗ ತೆಗೀಲ್ರಿ?" ಅವಳ ದನಿ ಏರಲಿಲ್ಲ. ತುಂಬ ದಣಿದಿದ್ದಳು. "ನನಗ ಗಾಡಿ ಹೊಡ್ಯಾಕ ಬರಂಗಿಲ್ಲಂತ ನೀವ ಬರದೀರಿ. ಪಾಸಾದೋರ್ನ ಯಾರ್ನರೆ ಕರೀರಿ. ಅವ್ರು ತೆಗೀಲಿ."

ಇನ್‌ಸ್ಪೆಕ್ಟರ್ ಸುತ್ತ ನೋಡಿದರು. ಅವರ ಕಣ್ಣು ನನ್ನ ಮೇಲೆ ನಿಂತಿತು.

"ಮೇಡಂ, ನೀವ್ ಪಾಸಾದ್ರಲ್ಲ. ಆ ಗಾಡಿ ಸ್ವಲ್ಪ ಪಕ್ಕಕ್ಕೆ ಹಾಕಿ."

ಮಾಸ್ಟರು ಸುಮ್ಮನಿರಿ ಎಂಬಂತೆ ನನ್ನತ್ತ ನೋಡಿದರು.

"ನಂಗೆ ಗಾಡಿ ಓಡಿಸೋಕ್ ಬರಲ್ಲ ಸಾರ್," ಎಂದೆ.

ಈ ಸಲ ಯಾರೂ ನಗಲಿಲ್ಲ. ನನ್ನ ಹಿಂದೆ, ಬೆಳಿಗ್ಗೆ ಪಾಸಾಗಿದ್ದ ಇನ್ನೊಬ್ಬಳು ಮೆಲ್ಲಗೆ ಹೇಳಿದಳು:

"ನಂಗೂ ಬರಲ್ಲ."