ಬೆರಳ ನಡುವಿನ ಪೆನ್ಸಿಲ್

ಕೌದಿಯ ಮೂರನೆಯ ಸಾಲು ಮುಗಿಯುವ ಮೊದಲೇ ದಾರ ತೀರಿತು. ಉಡಚಮ್ಮ ತಲೆ ಎತ್ತದೆ ಸೂಜಿಯನ್ನು ಪಕ್ಕಕ್ಕೆ ಚಾಚಿದಳು. ಅವಳ ಕಣ್ಣಿಗೆ ಪೊರೆ ಬಂದಾಗಿನಿಂದ ದಾರ ಪೋಣಿಸುವುದು ಮೊಮ್ಮಗಳು ಶಿವಲೀಲಾಳ ಕೆಲಸ. ಎರಡನೇ ಕ್ಲಾಸಿನ ಹುಡುಗಿ, ಒಂದೇ ಸಲಕ್ಕೆ ಪೋಣಿಸಿ ಕೊಡುತ್ತಿದ್ದಳು.

ಇವತ್ತು ಅವಳ ಕೈಯಿಂದ ಸೂಜಿ ಕೌದಿಯ ಮೇಲೆ ಬಿತ್ತು. ಎತ್ತಿಕೊಂಡಳು, ಮತ್ತೆ ಬಿತ್ತು.

"ನಿನ್ನ ಕಣ್ಣೂ ನನ್ನ ಕಣ್ಣಿನಂಗ ಆದ್ವೇನ?"

ಹುಡುಗಿ ನಗಲಿಲ್ಲ, ಕೈಯನ್ನು ಲಂಗದ ಕೆಳಗೆ ಸೇರಿಸಿದಳು. ಉಡಚಮ್ಮ ಎಳೆದು ನೋಡಿದಳು. ಬಲಗೈಯ ನಡುವಿನ ಎರಡು ಬೆರಳು ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು.

"ಮಗ್ಗಿ ತಪ್ಪಿತು ಆಯಿ. ಸರ ಬೆರಳ ನಡುವ ಪೆನ್ಸಿಲ್ ಇಟ್ಟು ಒತ್ತಿದ್ರು. ಅತ್ರ ಇನ್ನೊಂದು ಇಡ್ತಾರ. ಅದಕ್ಕ ನಾ ಅಳಲಿಲ್ಲ."

ಅಳದಿದ್ದುದಕ್ಕೆ ಶಹಬ್ಬಾಸ್ ಸಿಗುತ್ತದೆ ಎಂಬ ಆಸೆ ಅವಳ ಮುಖದಲ್ಲಿತ್ತು.

ಆ ಸಂಜೆಯೇ ಸೊಸೆ ವಾಣಿಶ್ರೀ ಕೊಪ್ಪಳದ ಶಿಕ್ಷಣ ಇಲಾಖೆಯ ಸಾಹೇಬರಿಗೆ ಅರ್ಜಿ ಬರೆದಳು. ಮಾಸ್ತರನ್ನು ತೆಗೆಯಿರಿ ಎಂದೇನೂ ಬರೆಯಲಿಲ್ಲ. ಮಕ್ಕಳನ್ನು ಬಡಿಯಬಾರದೆಂದು ತಾಕೀತು ಮಾಡಿರಿ, ಇವರ ಜೊತೆಗೆ ಇನ್ನೊಬ್ಬ ಮಾಸ್ತರನ್ನು ಕೊಡಿರಿ ಎಂದಷ್ಟೇ ಬರೆದಳು. ಲಕೋಟೆಗೆ ಸ್ಟಾಂಪನ್ನೂ ಹಚ್ಚಿದಳು. ಉಳಿದದ್ದು ಹುಡುಗಿಯ ಅಪ್ಪನ ಸಹಿ.

ಇರಕಲ್ಲಗಡದ ಗೊಬ್ಬರದ ಅಂಗಡಿಯಿಂದ ಬಂದ ಮಗ ಗುರುಬಸವ ಅರ್ಜಿ ಓದಿ ಮಡಚಿದ.

"ಛಲೋ ಬರದಾಳ. ಆದ್ರ ಈಗ ಬ್ಯಾಡ. ಇರಾವ ಒಬ್ಬ ಮಾಸ್ತರ. ಅವನೂ ಹೋದ್ರ ಸಾಲಿಗೆ ಕೀಲಿ ಬೀಳ್ತೈತಿ."

"ಅಂತ ಹುಡುಗ್ರ ಬೆರಳು ಮುರೀಲೇನು?" ಎಂದಳು ಉಡಚಮ್ಮ.

"ನಾನ ಹೇಳೇನಿ ಯವ್ವ. ಸಾಲಿಗೆ ಹೆಸರು ಹಚ್ಚಿದ ದಿನಾನ ಹೇಳೇನಿ, ಕಣ್ಣೊಂದು ಬಿಟ್ಟು ಎಲ್ಲಿ ಬೇಕಲ್ಲಿ ಬಡೀರಿ ಸರ, ನಾ ಕೇಳಾಂಗಿಲ್ಲ ಅಂತ. ಎಲ್ಲಾರೂ ಹಂಗ ಹೇಳ್ತಾರ. ಈಗ ಯಾವ ಮುಖ ಇಟ್ಕೊಂಡು ಸಹಿ ಮಾಡ್ಲಿ?"

"ಎತ್ತು ಮಾರಿ ಬರೂಮುಂದ ಜ್ವಾಕಿಲೆ ನೋಡ್ಕೋಪಾ ಅಂತ ಹೇಳಿ ಬರ್ತಿ. ಮಗಳನ್ನ ಬಿಟ್ಟು ಬರೂಮುಂದ ಬಡೀರಿ ಅಂದು ಬಂದಿ."

ಗುರುಬಸವ ಉಣ್ಣಲು ಎದ್ದು ಹೋದ. ಅರ್ಜಿ ಬಸವಣ್ಣನ ಫೋಟೊದ ಹಿಂದೆ ಸೇರಿತು.

ಪರೀಕ್ಷೆ ಮುಗಿಯಲಿ ಎಂದ, ಮುಗಿಯಿತು. ದಸರೆಯ ರಜೆಯಲ್ಲಿ ಆಫೀಸಿನಲ್ಲಿ ಯಾರಿರುತ್ತಾರೆ ಎಂದ, ರಜೆಯೂ ತೀರಿತು. ಆಮೇಲೆ ಮಾಸ್ತರ ತಾಯಿಗೆ ಆರಾಮಿಲ್ಲವಂತೆ, ಇಂಥ ಹೊತ್ತಿನಲ್ಲಿ ಹೇಗೆ ಎಂದ. ಕೇಳಿ ಕೇಳಿ ಉಡಚಮ್ಮನಿಗೆ ಸಾಕಾಗಿಹೋಯಿತು. ಒಂದು ದಿನ ತಾನೇ ಸಾಲೆಗೆ ಹೋದಳು. ಪ್ರಭುರಾಜ ಮಾಸ್ತರ ಎದ್ದು ನಿಂತು ಕುರ್ಚಿ ಕೊಟ್ಟ, ಚಹಾ ತರಿಸಿದ. ಅಷ್ಟು ಮರ್ಯಾದೆಯ ಮನುಷ್ಯನನ್ನು ಬೈಯುವುದಾದರೂ ಹೇಗೆ?

"ನಿಮ್ಮ ಹುಡುಗಿ ಶ್ಯಾಣೆ ಅದಾಳ್ರಿ, ಅಂತನ ಜುಲುಮಿ ಮಾಡ್ತೀನಿ. ಐದು ಕ್ಲಾಸಿಗೆ ನಾನೊಬ್ಬನ. ಈ ಕಡೆ ತಿರುಗಿದ್ರ ಆ ಕಡೆ ಗದ್ದಲ."

"ಆ ಸಿಟ್ಟು ಸಾಹೇಬ್ರ ಮ್ಯಾಲ ತೀರಿಸ್ಕೋರಿ. ಏಳು ವರ್ಷದ ಕೂಸಿನ ಬೆರಳು ಏನ್ ಮಾಡ್ಯಾವ?"

"ಒಮ್ಮೆ ನಿಮ್ಮ ಮಗನ್ನ ಕೇಳ್ರಿ," ಎಂದು ಮಾಸ್ತರ ನಕ್ಕ.

ಉಡಚಮ್ಮ ಚಹಾ ಅರ್ಧಕ್ಕೇ ಬಿಟ್ಟು ಬಂದಳು.

ಒಂದು ಐತವಾರ ಗುರುಬಸವ ಅಂಗಳದಲ್ಲಿ ಬೈಕು ಒರೆಸುತ್ತಿದ್ದ, ಉಡಚಮ್ಮ ಕಟ್ಟೆಯ ಮೇಲೆ ಕೌದಿಯ ಅಂಚು ಹೊಲಿಯುತ್ತಿದ್ದಳು. ಬೇವಿನ ಗಿಡದ ಕೆಳಗೆ ಶಿವಲೀಲಾ ಸಾಲೆಯಾಟ ಹೂಡಿದ್ದಳು. ಒಂದಷ್ಟು ಕಲ್ಲುಗಳು ಮತ್ತು ಮೂರು ವರ್ಷದ ತಂಗಿ ಅನ್ನಿ ಅವಳ ಮಕ್ಕಳು.

"ಮಗ್ಗಿ ಹೇಳು."

"ಎಡ್ಡೊಂದ್ಲಾ ಎಡ್ಡು," ಎಂದು ಅನ್ನಿ ನಿಲ್ಲಿಸಿದಳು. ಮುಂದಿನದು ನೆನಪಾಗಲಿಲ್ಲ. ಯಾರೂ ಕೇಳದೆಯೇ ಪುಟ್ಟ ಕೈ ಮುಂದೆ ಚಾಚಿ ಬೆರಳು ಅಗಲಿಸಿದಳು.

ಶಿವಲೀಲಾ ತೊಗರಿಯ ಕಡ್ಡಿಯೊಂದನ್ನು ಮುರಿದು ಆ ಬೆರಳುಗಳ ನಡುವೆ ಇಟ್ಟಳು. ಥೇಟ್ ಮಾಸ್ತರ ದನಿಯಲ್ಲಿ ಹೇಳಿದಳು:

"ಅಳಬ್ಯಾಡ. ಅತ್ರ ಇನ್ನೊಂದು ಇಡ್ತೀನಿ. ನಿಮ್ಮಪ್ಪನ ಹೇಳ್ಯಾನ."

ಬೈಕು ಒರೆಸುವ ಕೈ ನಿಂತಿತು. ಗುರುಬಸವ ಹೋಗಿ ಆ ಕಡ್ಡಿ ತೆಗೆದ. ಅನ್ನಿ ಮಾತ್ರ ಕೈ ಮಡಚಲಿಲ್ಲ. ಇನ್ನೊಂದು ಕಡ್ಡಿಗೆ ಕಾಯುತ್ತಿರುವಂತೆ ಅಪ್ಪನ ಮುಖ ನೋಡುತ್ತಿತ್ತು ಕೂಸು.

"ಪೆನ್ನು ತರ್ಲೇನು?" ಎಂದಳು ಉಡಚಮ್ಮ.

ಬೈಕಿನ ಸೀಟಿನ ಮೇಲೆ ಅರ್ಜಿ ಇಟ್ಟು ಅವನು ಸಹಿ ಮಾಡಿದ. ವಾಣಿಶ್ರೀ ಲಕೋಟೆಗೆ ಹಾಕಿ ಅಂಟಿಸಿದಳು.

"ನಾಳೆ ಅಂಗಡಿಗೆ ಹೋಗೂಮುಂದ ಹಾಕ್ತೀನಿ."

"ನಿನ್ನ ನಾಳೆ ಭಾಳ ನೋಡೇನಿ. ಗಾಡಿ ಚಾಲೂ ಮಾಡು."

"ಐತವಾರ ಯವ್ವ, ಪೋಸ್ಟಾಫೀಸಿಗೆ ಕೀಲಿ."

"ಟಪಾಲ ಡಬ್ಬಿ ಬಾಯಿಗೆ ಕೀಲಿ ಇಲ್ಲಲ್ಲ."

ಇರಕಲ್ಲಗಡದವರೆಗೂ ಅವಳು ಲಕೋಟೆಯನ್ನು ಸೆರಗಿನಲ್ಲಿ ಸುತ್ತಿ ಹಿಡಿದು ಮಗನ ಹಿಂದೆ ಕುಳಿತಿದ್ದಳು. "ಮಾಸ್ತರ ಏನಂತ ತಿಳ್ಕೊಂತಾರೋ," ಎಂದು ಅವನು ದಾರಿಯಲ್ಲಿ ಎರಡು ಸಲ ಗೊಣಗಿದ. ಕೆಂಪು ಡಬ್ಬಿಯ ಮುಂದೆ ಇಳಿದಾಗ ಅವನು ಲಕೋಟೆಗೆ ಕೈ ಚಾಚಿದ.

"ನೀ ಗಾಡಿ ಹಿಡಿ," ಎಂದಳು.

ಲಕೋಟೆ ಒಳಗೆ ಬಿದ್ದ ಸದ್ದು ಕೇಳಿಸಿತು. ಆದರೂ ಉಡಚಮ್ಮ ಡಬ್ಬಿಯ ಬಾಯಿಗೆ ಬೆರಳು ಹಾಕಿ, ಅಂಚಿನಲ್ಲಿ ಎಲ್ಲೂ ಸಿಕ್ಕಿಕೊಂಡಿಲ್ಲ ಎಂದು ತಡವಿ ನೋಡಿದ ಮೇಲೆಯೇ ತಿರುಗಿದಳು.