ಫೈವಲ್ ಅಂಟಿಸಿದ ಕಾಗದ

ಜೆರುಸಲೇಮಿನ ಫೈವಲ್‌ಗೆ ಹಳೆಯ ಹೀಬ್ರೂ ಪುಸ್ತಕಗಳ ಹುಚ್ಚು. ಓದುವ ಹುಚ್ಚೆಂದು ತಿಳಿಯಬೇಡಿ. ಪುಸ್ತಕ ಕೈಗೆ ಸಿಕ್ಕರೆ ನೇರ ರಟ್ಟಿನ ಒಳಗಿನ ಖಾಲಿ ಹಾಳೆ ತೆರೆಯುತ್ತಿದ್ದ. ಅಲ್ಲಿ ದೊಡ್ಡ ರಬ್ಬಿಯೊಬ್ಬರ, ಅಂದರೆ ಯಹೂದಿ ಗುರುವೊಬ್ಬರ, ಕೈಬರಹ ಕಂಡರೆ ಖುಷಿಗೆ ಎರಡು ದಿನ ಊಟ ಸೇರುತ್ತಿರಲಿಲ್ಲ. ಅದೇ ಹಾಳೆಯಲ್ಲಿ ಪುಸ್ತಕವಿದ್ದ ಮನೆಯವರೂ ಹುಟ್ಟು, ಸಾವು, ಮದುವೆಗಳನ್ನು ಗೀಚಿಡುವುದು ರೂಢಿ. ಫೈವಲ್‌ಗೆ ಅದು ಕಸ. ಓದದೆಯೇ ಅದರ ಮೇಲೆ ಗೋಧಿ ಅಂಟಿನಿಂದ ದಪ್ಪ ಕಾಗದ ಅಂಟಿಸಿ, ರಬ್ಬಿಯ ಸಾಲುಗಳನ್ನಷ್ಟೇ ಉಳಿಸುತ್ತಿದ್ದ. ಇಂಥ ಜಾಣತನ ಸಂಗ್ರಾಹಕರಿಗೇ ಬರಬೇಕು.

ಅವನ ಜೀವವೆಲ್ಲ ಒಂದು ಪ್ರಾರ್ಥನೆಯ ಪುಸ್ತಕದಲ್ಲಿತ್ತು. ಪೋಲೆಂಡಿನ ಜಲೋವಿಟ್ಸ್ ಊರಿನ ರಬ್ಬಿ ಬರೆದದ್ದೆಲ್ಲ ಯುದ್ಧದಲ್ಲಿ ಊರಿನೊಂದಿಗೆ ಸುಟ್ಟುಹೋಗಿತ್ತು. ಉಳಿದದ್ದು ಈ ಪುಸ್ತಕದ ಮೂರೇ ಸಾಲು: ಟೋಪಿ ಹೊಲಿಯುವ ಯೆರೂಖಮ್‌ಗೆ, ಗಂಡು ಮಗು ಹುಟ್ಟಿದ ಸಂತೋಷಕ್ಕೆ. ಕೆಳಗೆ ಸಹಿ. ಅದರ ಕೆಳಗೆ ಫೈವಲ್‌ನ ಕಾಗದ.

ಒಂದು ಗುರುವಾರ ಬೆಳಗಿನ ಪ್ರಾರ್ಥನೆಯಲ್ಲಿ, ಗುಣವಾಗಲೆಂದು ರೋಗಿಗಳ ಹೆಸರು ಓದುತ್ತಿದ್ದರು. ಬೀಗ ರಿಪೇರಿಯ ಜುಂಡೆಲ್‌ಗೆ ಮರುದಿನ ಹೃದಯದ ಆಪರೇಷನ್. ರೋಗಿಯನ್ನು ತಾಯಿಯ ಹೆಸರಿನಿಂದಲೇ ದೇವರಿಗೆ ಗುರುತು ಹೇಳಬೇಕು. ಜುಂಡೆಲ್ ತಲೆ ತಗ್ಗಿಸಿ, ಸಾರಾಳ ಮಗ ಎಂದ. ತಾಯಿ ಯಾರೆಂದು ತಿಳಿಯದವರು ಕುಲಕ್ಕೆಲ್ಲ ತಾಯಿಯಾದ ಸಾರಾಳ ಹೆಸರು ಹೇಳುವುದು ವಾಡಿಕೆ.

ಪಕ್ಕದಲ್ಲಿದ್ದ ಫೈವಲ್ ಮೆಲ್ಲಗೆ ವಿಚಾರಿಸಿದ. ಅನಾಥಾಲಯದಲ್ಲಿ ಬೆಳೆದವನು ತಾನು, ಅಲ್ಲಿನ ದಾಖಲೆಯಲ್ಲಿ ಇದ್ದದ್ದು ಊರು ಮತ್ತು ಅಪ್ಪನ ಹೆಸರಷ್ಟೇ ಎಂದ ಜುಂಡೆಲ್. "ಜಲೋವಿಟ್ಸ್. ಟೋಪಿ ಹೊಲಿಯೋ ಯೆರೂಖಮ್."

 ಫೈವಲ್ ಪ್ರಾರ್ಥನೆ ಮುಗಿಯುವುದನ್ನೂ ಕಾಯದೆ ಮನೆಗೆ ಓಡಿದ.

ಪುಸ್ತಕ ಬಿಚ್ಚಿ ಕುಳಿತವನಿಗೆ ಕೈಯೇ ಏಳಲಿಲ್ಲ. ಕಾಗದದ ಕೆಳಗೆ ಮನೆಯವರು ಗೀಚಿದ್ದರಲ್ಲಿ ಜುಂಡೆಲ್‌ನ ತಾಯಿಯ ಹೆಸರಿರಬಹುದು. ಆದರೆ ಅದನ್ನು ಬಿಡಿಸಲು ನೀರು ಹಚ್ಚಬೇಕು. ರಬ್ಬಿಯ ಶಾಯಿ ನೀರು ತಾಗಿದರೆ ಹರಡುವಂಥದ್ದು. ಸರಿಯಾಗಿ ಬಿಡಿಸಬಲ್ಲವರಿಗೆ ಕೊಟ್ಟರೆ ತಿಂಗಳು ಬೇಕು. ಜುಂಡೆಲ್‌ಗಿರುವುದು ಇವತ್ತೊಂದು ದಿನ. ಹೆಂಡತಿ ಬ್ರೈಂಡೆಲ್‌ಗೆ ಎಲ್ಲ ಹೇಳಿಕೊಂಡು, ಲೋಕದಲ್ಲಿ ಆ ಮಹಾನುಭಾವರ ಗುರುತು ಇದೊಂದೇ ಎಂದು ಗೋಳಾಡಿದ.

ಅವಳು ಕ್ಯಾರೆಟ್ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ರಬ್ಬೀನ ನೆನೆಸ್ಕೊಳ್ಳೋಕೆ ನಿಮ್ಮಂಥವ್ರು ಊರ್ ತುಂಬ ಇದಾರೆ ಕಣ್ರೀ. ಆ ತಾಯಿಗೆ ಇರೋನು ಇವನೊಬ್ಬನೇ. ಅವಳ ಬಾಯಿಗೆ ಕಾಗದ ಮೆತ್ತಿದವರು ನೀವೇ ತಾನೇ?"

ಫೈವಲ್‌ಗೆ ನಾಚಿಕೆಯಾಯಿತು. ಒದ್ದೆ ಬಟ್ಟೆ ತಂದು ಕಾಗದದ ಮೇಲಿಟ್ಟ. ಒಂದು ಗಂಟೆಯಲ್ಲಿ ಅಂಟು ಮೆತ್ತಗಾಯಿತು. ನೀರು ಮೇಲಕ್ಕೆ ಹತ್ತಿ, ರಬ್ಬಿಯ ಸಹಿ ಅವನ ಕಣ್ಣೆದುರೇ ನೀಲಿ ಕಲೆಯಾಯಿತು. ಆದರೂ ಕೈ ನಿಲ್ಲಿಸಲಿಲ್ಲ. ಕಾಗದದ ಕೆಳಗೆ ಸೀಸದಕಡ್ಡಿಯ ಬರಹ ಒಂದಿಷ್ಟೂ ಮಾಸದೆ ಉಳಿದಿತ್ತು.

ಫೈವಲ್ ಹೋದಾಗ ಜುಂಡೆಲ್ ತನ್ನ ಮನೆಯಲ್ಲಿ ಮಂಚದ ಮೇಲೆ ಕುಳಿತು ಆಸ್ಪತ್ರೆಗೆ ಚೀಲ ತುಂಬುತ್ತಿದ್ದ. ಫೈವಲ್ ಪುಸ್ತಕವನ್ನು ಅವನ ತೊಡೆಯ ಮೇಲಿಟ್ಟು, ತಾನು ಮಾಡಿದ ತಪ್ಪನ್ನು ಒಂದಿಷ್ಟೂ ಮುಚ್ಚಿಡದೆ ಹೇಳಿದ. ಆಮೇಲೆ ಬೆರಳಿಟ್ಟು ಓದಿದ: "ನನ್ನ ಹೆಂಡತಿ ಫ್ರಾಡೆಲ್‌ಗೆ ಮಗ ಹುಟ್ಟಿದ, ಜುಂಡೆಲ್. ಅವಳ ಮಡಿಲು ಬಿಟ್ಟರೆ ಮಲಗುವುದಿಲ್ಲ."

 ಹೊರಡೋಣ, ಸಂಜೆಯ ಪ್ರಾರ್ಥನೆಯಲ್ಲಿ ಸರಿಯಾದ ಹೆಸರು ಹೇಳಿಸೋಣ ಎಂದು ಫೈವಲ್ ಅವಸರ ಮಾಡಿದ. ಸ್ವಲ್ಪ ತಡಿ ಎಂದು ಕೈಸನ್ನೆ ಮಾಡಿ, ಅರವತ್ತರ ಆ ಮುದುಕ ಜುಂಡೆಲ್ ಒದ್ದೆ ಹಾಳೆಯ ಮೇಲೆ ಬಾಗಿದ.

"ಅಮ್ಮಾ," ಎಂದ. "ನಾಳೆ ನಂಗೆ ಆಪರೇಷನ್ನು. ಸ್ವಲ್ಪ ಭಯ ಆಗ್ತಿದೆ."